ನಡುವಿನ ದನಿ

“ತಲೆ ಸ್ವಲ್ಪ ಎತ್ತಿ. ಇನ್ನೂ ಎತ್ತಿ ಮಾರಾಯ್ರೆ, ಗೋಡೆಗೆ ತಾಗ್ತದೆ” ಎಂದು ಪಕ್ಕದ ಟಯರ್ ಅಂಗಡಿಯ ಅಬ್ದುಲ್ ಹಕೀಂ ಕೆಳಗಿನ ಮೆಟ್ಟಿಲಿನಿಂದ ಹೇಳಿದರು.

ಮೆಟ್ಟಿಲು ತಿರುಗುವಲ್ಲಿ ಕಾಂತಿ ಸಿಕ್ಕಿಕೊಂಡಿದ್ದಳು. ಜಮಖಾನದ ತಲೆಯ ಕಡೆಯನ್ನು ಬೆಳಿಗ್ಗೆಯಷ್ಟೇ ದುಬಾಯಿಯಿಂದ ಬಂದಿಳಿದ ಮಗ ಶೋಧನ್ ಹಿಡಿದಿದ್ದ. ಕಾಲಿನ ಕಡೆ ಹಕೀಂ, ನಡುವೆ ಹೋಟೆಲಿನ ಸಪ್ಲಾಯರ್‌ಗಳಿಬ್ಬರು. ಎಡಕ್ಕೆ ತಿರುಗಿಸಿದರೆ ತಲೆ ತಾಗುತ್ತಿತ್ತು, ಬಲಕ್ಕೆ ತಿರುಗಿಸಿದರೆ ಕಾಲು. ಕೆಳಗೆ ಹೋಟೆಲಿನಲ್ಲಿ ಇನ್ನೊಂದು ಟೇಬಲ್ ಹಿಡಿಯಲಿ ಎಂದು ಅವಳ ಗಂಡ ಸಂಕಪ್ಪ ಶೆಟ್ಟರು ಕಟ್ಟಿಸುವಾಗಲೇ ಮೆಟ್ಟಿಲನ್ನು ಒತ್ತಿ ಕಟ್ಟಿಸಿದ್ದರು. ಮದುವೆಯಲ್ಲಿ ಕಾಂತಿಯ ತವರಿನವರು ಕೊಟ್ಟ ಕಪಾಟು ಇದೇ ತಿರುವಿನಲ್ಲಿ ಸಿಕ್ಕಿಕೊಂಡು, ಕೊನೆಗೆ ಹಗ್ಗ ಕಟ್ಟಿ ಹೊರಗಿನ ಕಿಟಕಿಯಿಂದ ಮೇಲೆ ಹೋಗಿತ್ತು. ಕಾಂತಿಯನ್ನು ಹಾಗೆ ಕಿಟಕಿಯಿಂದ ಇಳಿಸುವಂತಿರಲಿಲ್ಲ.

“ಸ್ವಲ್ಪ ಕೂರಿಸಿದ ಹಾಗೆ ಮಾಡುವ” ಎಂದರು ಹಕೀಂ. ಹಾಗೆಯೇ ಮಾಡಿದರು. ಎದ್ದು ಕುಳಿತವಳಂತೆ ಕಾಂತಿ ತಿರುವನ್ನು ದಾಟಿ, ನಲವತ್ತು ವರ್ಷ ದಿನಕ್ಕೆ ಹತ್ತು ಸಲ ಇಳಿದ ಮೆಟ್ಟಿಲನ್ನು ಇಳಿದಳು.

ಮೆಲ್ಕಾರಿನ ಆ ಹೋಟೆಲಿನ ಟೇಬಲ್‌ಗಳನ್ನೆಲ್ಲ ಗೋಡೆಗೆ ಒತ್ತಿ, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಬಾಳೆಎಲೆ ಹಾಸಿದ್ದರು. ತೆಂಕು ದಿಕ್ಕಿಗೆ ತಲೆಯಿಟ್ಟು ಮಲಗಿಸಿದರು. ಒಡೆದ ತೆಂಗಿನಕಾಯಿಯ ಕಡಿಯಲ್ಲಿ ಎಣ್ಣೆ ಹಾಕಿ ದೀಪ ಹಚ್ಚಿದರು. ನಿನ್ನೆಯ ಸಾಂಬಾರಿನ ವಾಸನೆ ಇನ್ನೂ ಹೋಗಿರಲಿಲ್ಲ. ನಿನ್ನೆ ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ‘ತಲೆ ತಿರುಗ್ತದೆ, ಸ್ವಲ್ಪ ಮಲಗ್ತೇನೆ’ ಎಂದು ಮೇಲೆ ಹೋದವಳು ಸಂಜೆಯ ಚಾಕ್ಕೆ ಇಳಿದು ಬರಲಿಲ್ಲ, ಅಷ್ಟೇ.

“ಮುತ್ತೈದೆ ಸಾವು. ಪುಣ್ಯವಂತೆ” ಎಂದಳು ಶೆಟ್ಟರ ಕಡೆಯ ಒಬ್ಬ ಅತ್ತೆ. ಕಾಂತಿಯ ಹಣೆಗೆ ಕುಂಕುಮ ಇಡುತ್ತಿದ್ದ ಮಗಳು ನವ್ಯಾಳ ಹತ್ತಿರ ಜರುಗಿ ಮೆಲ್ಲಗೆ ಸೇರಿಸಿದಳು: “ಇನ್ನು ಗಲ್ಲೆಯಲ್ಲಿ ದುಡ್ಡು ಎಣಿಸಿಕೊಂಡು ಕೂರುವವರು ಯಾರು? ಗಲ್ಲೆಗೆ ಮನೆಯವರೇ ಆಗಬೇಕು ನೋಡು. ಪೊಳಲಿ ಎಂತ ದೂರ, ನೀನು ಬೆಳಿಗ್ಗೆ ಬಂದು ಸಂಜೆ ಹೋಗಬಹುದು.”

ಪೊಳಲಿಗೆ ಮದುವೆಯಾಗಿ ಹೋಗಿ ನಾಲ್ಕು ವರ್ಷವಾಗಿದ್ದ ನವ್ಯಾ ಕುಂಕುಮದ ಡಬ್ಬಿಯ ಮುಚ್ಚಳ ಹಾಕಿದಳು. ತಾಯಿಯ ದೇಹ ಎತ್ತುವುದರೊಳಗೆ ಕುರ್ಚಿಯ ಮಾತು ಬಂದದ್ದಕ್ಕೆ ಅವಳಿಗೆ ಸಿಟ್ಟು ಬಂತು. ಆದರೆ ಅವಳೂ ಬೆಳಿಗ್ಗೆಯಿಂದ ಆ ಕುರ್ಚಿಯ ಕಡೆ ನೋಡದೆ ಓಡಾಡುತ್ತಿದ್ದಳು.

ಶೆಟ್ಟರು ಮಾತ್ರ ಅಲ್ಲೇ ಇದ್ದರು. ಹೆಂಡತಿಯ ತಲೆಯ ಬಳಿ ಕೂರಬೇಕಾದವರು ಗಲ್ಲೆಯ ಹಿಂದೆ ನಿಂತಿದ್ದರು. ಬಾಗಿಲ ಪಕ್ಕ ಮರದ ಮೇಜು, ಮೂರು ಕಡೆ ಗಾಜು, ಒಳಗೆ ಕಾಂತಿಯ ಕುರ್ಚಿ, ಕುರ್ಚಿಯ ಮೇಲೆ ಅವಳೇ ಹೊಲಿದ ದಿಂಬು. ಮೇಜಿನ ಮೇಲೆ ಸೋಂಪಿನ ತಟ್ಟೆ, ಸಪ್ಲಾಯರ್‌ನನ್ನು ಕರೆಯಲು ಅಂಗೈಯಿಂದ ಒತ್ತುವ ಬೆಲ್ಲು. ಕೂರಲು ಅವರಿಗೆ ಮನಸ್ಸು ಬರಲಿಲ್ಲ, ಅಲ್ಲಿಂದ ಹೊರಗೆ ಬರಲೂ ಆಗಲಿಲ್ಲ. ಬಂದವರು ಗಾಜಿನ ಈಚೆಯಿಂದ ಕೈ ಮುಗಿದು ಮುಂದೆ ಹೋಗುತ್ತಿದ್ದರು.

ಕಾಂತಿಯ ತವರು ಪುತ್ತಿಗೆಯಿಂದ ಅಣ್ಣ ರುಕ್ಮಯ್ಯ ಬರಬೇಕಿತ್ತು. ತವರಿನವರು ತಂದ ಸೀರೆ ಮೈಮೇಲೆ ಬೀಳದೆ ಹೆಂಗಸಿನ ಹೆಣ ಎತ್ತುವ ಕ್ರಮ ಇಲ್ಲ. ಹೆದ್ದಾರಿ ಅಗಲ ಮಾಡುವವರು ದಾರಿಯನ್ನು ಅಗೆದು, ಇವತ್ತು ಆಚೆ ನಾಳೆ ಈಚೆ ತಿರುಗಿಸುತ್ತಿದ್ದುದರಿಂದ ರುಕ್ಮಯ್ಯನ ಕಾರು ಬಿ.ಸಿ. ರೋಡಿನಲ್ಲಿ ನಿಂತಿದೆ ಎಂದು ಫೋನ್ ಬಂದಿತ್ತು. ಎಲ್ಲರೂ ಕಾಯುತ್ತಿದ್ದರು. ಅರ್ಧ ಎಳೆದ ಶಟರಿನ ಕೆಳಗಿನಿಂದ ಕೆಂಪು ಧೂಳು ಒಳಗೆ ಬಂದು ಕೂರುತ್ತಿತ್ತು.

ಆ ಶಟರಿನ ಕೆಳಗೆ ಬಗ್ಗಿ ಇಬ್ಬರು ಹೆಂಗಸರು ಒಳಗೆ ಬಂದರು. ಒಬ್ಬರು ದಪ್ಪಗೆ, ಕುಳ್ಳಗೆ, ಕತ್ತಿನಲ್ಲಿ ಶಿಲುಬೆಯ ಸರ. ಇನ್ನೊಬ್ಬರು ಎತ್ತರ, ನೂಲಿನ ಸೀರೆ, ಬಿಳಿ ತಲೆ, ನೋಡಿದರೆ ನಿವೃತ್ತ ಟೀಚರ್ ಎಂದು ಹೇಳಬಹುದು. ಇಬ್ಬರೂ ಕಾಂತಿಯ ಬಾಯಿಗೆ ತುಳಸಿ ನೀರು ಬಿಟ್ಟರು. ಕುಳ್ಳಗಿನವರು ನವ್ಯಾಳ ಕೈ ಹಿಡಿದುಕೊಂಡು, “ನೀನು ನವ್ಯಾ. ನಿನ್ನೆ ರಾತ್ರಿ ಸುದ್ದಿ ಕೇಳಿ ಮಾಡಿದಾಗ ಫೋನ್ ಎತ್ತಿದ್ದು ನೀನೇ ಅಲ್ವಾ?” ಎಂದರು.

ದನಿಯ ಗುರುತು ನವ್ಯಾಳಿಗೆ ಸಿಕ್ಕಿತು. ಮೂಡುಬಿದಿರೆಯ ಫ್ಲೇವಿಯಾ ಆಂಟಿ. ಹೋಟೆಲಿಗೆ ರಜೆ ಇರುವ ಪ್ರತಿ ಭಾನುವಾರ ಮಧ್ಯಾಹ್ನ ಅಮ್ಮನಿಗೆ ಫೋನ್ ಮಾಡುತ್ತಿದ್ದವರು. ಜೊತೆಯವರು ಬೆಳ್ತಂಗಡಿಯ ಮೂಕಾಂಬಿಕಾ ಟೀಚರ್ ಎಂದು ಆಮೇಲೆ ತಿಳಿಯಿತು.

“ನಾವು ಮೂವರು ಒಟ್ಟಿಗೆ ಕಲಿತದ್ದು” ಎಂದರು ಫ್ಲೇವಿಯಾ. “ಒಂದು ಮಾತು ಉಂಟು ಮಗಳೇ. ನಿನ್ನ ಅಪ್ಪನ ಹತ್ತಿರ ಕೇಳಬೇಕು. ಕಾಂತಿ ನಮ್ಮ ಹತ್ತಿರ ಹೇಳಿದ್ದಾಳೆ, ತನ್ನನ್ನು ಎತ್ತುವ ಮೊದಲು ಒಮ್ಮೆ ಹಾಡಬೇಕು ಅಂತ.”

* * *

ಮೂಡುಬಿದಿರೆಯಲ್ಲಿ ಸಿಸ್ಟರ್‌ಗಳು ನಡೆಸುತ್ತಿದ್ದ ಒಂದು ಸಣ್ಣ ಕಾಲೇಜಿಗೆ ಕಾಂತಿ ಪುತ್ತಿಗೆಯಿಂದ ನಡೆದು ಹೋಗುತ್ತಿದ್ದಳು. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ಸಿಸ್ಟರ್ ಬೆನಿಲ್ಡಾ. ಹುಡುಗಿಯಾಗಿದ್ದಾಗ ರೋಮಿನಲ್ಲಿ ಎರಡು ವರ್ಷ ಸಂಗೀತ ಕಲಿತು ಬಂದಿದ್ದವರು, ಬಂದಾಗಿನಿಂದ ಹಾರ್ಮೋನಿಯಂ ಕಂಡರೆ ಮುಖ ಸಿಂಡರಿಸುತ್ತಿದ್ದರು. ನಾಲ್ಕೈದು ನೂರು ವರ್ಷ ಹಿಂದೆ ವಾದ್ಯವೇ ಇಲ್ಲದೆ ಬರೀ ಕಂಠದಲ್ಲಿ ಮನೆ ಕಟ್ಟುತ್ತಿದ್ದರು ಎನ್ನುವುದು ಅವರ ಮಾತು. ಜೋಸ್ಕ್ಯಾನ್, ಪಾಲೆಸ್ತ್ರೀನಾ, ವಿಕ್ಟೋರಿಯಾ ಎಂದು ಆ ಹಾಡು ಕಟ್ಟಿದವರ ಹೆಸರು ಹೇಳುವಾಗ ಪಕ್ಕದ ಬೀದಿಯವರ ವಿಷಯ ಹೇಳಿದ ಹಾಗಿರುತ್ತಿತ್ತು. ವಿಕ್ಟೋರಿಯಾ ಎಂದರೆ ರಾಣಿ ಅಲ್ಲ, ಸ್ಪೇನಿನ ಒಬ್ಬ ಪಾದ್ರಿ ಎಂದು ತಿಳಿಯಲು ಹುಡುಗಿಯರಿಗೆ ಒಂದು ವಾರ ಬೇಕಾಯಿತು.

ಕ್ಲಾಸಿನಲ್ಲಿ ದನಿ ಇದ್ದ ಮೂವರನ್ನು ಸಿಸ್ಟರ್ ಆರಿಸಿಕೊಂಡರು. ಫ್ಲೇವಿಯಾಳದ್ದು ಮೇಲಿನ ದನಿ. ಗೆಳತಿಯರು ‘ಗಂಡು ದನಿ’ ಎಂದು ಚುಡಾಯಿಸುತ್ತಿದ್ದ ಮೂಕಾಂಬಿಕಾಳದ್ದು ಕೆಳಗಿನ ದನಿ. ಕಾಂತಿಯದ್ದು ನಡುವಿನದ್ದು. ಕಲಿಸಿದ್ದು ಒಂದೇ ಹಾಡು, ಮೂರು ದನಿಯ ಒಂದು ಮೊಟೆಟ್. ಇಗರ್ಜಿಯಲ್ಲಿ ಹಾಡಲೆಂದು ಲ್ಯಾಟಿನ್ ಮಾತಿಗೆ ಕೂರಿಸಿದ ಹಾಡಿಗೆ ಹಾಗೆ ಹೆಸರು. ಇದನ್ನು ಕಟ್ಟಿದವರು ಯಾರೆಂದು ಸಿಸ್ಟರಿಗೂ ಗೊತ್ತಿರಲಿಲ್ಲ.

ಕಲಿಸುವ ಕ್ರಮ ಮಾತ್ರ ವಿಚಿತ್ರ. ಒಬ್ಬಳನ್ನು ಲೈಬ್ರರಿಯಲ್ಲಿ, ಒಬ್ಬಳನ್ನು ಅಡುಗೆಮನೆಯ ಹಿಂದೆ, ಒಬ್ಬಳನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ, ಅವರವರ ದನಿಯನ್ನು ಅವರವರಿಗೆ ಮಾತ್ರ ಬಾಯಿಪಾಠ ಮಾಡಿಸಿದರು. ಆ ಕಾಲದಲ್ಲಿ ವೆನಿಸಿನಲ್ಲಿ ಹಾಡುಗಳನ್ನು ಅಚ್ಚು ಹಾಕುವಾಗಲೂ ಒಂದೊಂದು ದನಿಗೆ ಒಂದೊಂದು ಪುಸ್ತಕ ಮಾಡುತ್ತಿದ್ದರಂತೆ, ಎಲ್ಲವನ್ನೂ ಒಟ್ಟಿಗೆ ಕಾಣುವ ಪುಸ್ತಕ ಯಾರ ಕೈಯಲ್ಲೂ ಇರಲಿಲ್ಲವಂತೆ. “ನಿನ್ನದನ್ನು ನೀನು ಗಟ್ಟಿ ಹಿಡಿ. ಇನ್ನೊಬ್ಬಳದ್ದನ್ನು ಕಲಿತರೆ ಅವಳದ್ದಕ್ಕೆ ಜಾರಿಬಿಡ್ತಿ” ಎನ್ನುತ್ತಿದ್ದರು. ಕಾಂತಿಗೆ ತನ್ನ ಭಾಗ ಕಂಡರೆ ಬೇಸರ. ತಿಂಗಳುಗಟ್ಟಲೆ ಅದೊಂದೇ ಹಾಡಿದರೂ ಅದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಎರಡು ಸ್ವರಗಳ ನಡುವೆ ಆಚೆ ಈಚೆ ತಿರುಗಿ, ಗೋಡೆ ಸಿಕ್ಕಿದಂತೆ ಮತ್ತೆ ಅಲ್ಲಿಗೇ ಬರುತ್ತಿತ್ತು.

ಒಂದು ದಿನ ಮೂವರನ್ನೂ ಒಂದೇ ಕೋಣೆಗೆ ಕರೆದು ಬಾಗಿಲು ಹಾಕಿದರು. ಶುರು ಕಾಂತಿಯದ್ದು. ಅವಳು ನಾಲ್ಕು ಸ್ವರ ಹೋದ ಮೇಲೆ ಅದೇ ನಾಲ್ಕು ಸ್ವರ ಹಿಡಿದು ಕೆಳಗಿನಿಂದ ಮೂಕಾಂಬಿಕಾ, ಆಮೇಲೆ ಮೇಲಿನಿಂದ ಫ್ಲೇವಿಯಾ. ಒಮ್ಮೆಲೇ ಕಾಂತಿಗೆ ತನ್ನ ಆಚೆ ಈಚೆ ಹೋಗುವುದರ ಅರ್ಥ ತಿಳಿಯಿತು. ಉಳಿದಿಬ್ಬರ ದನಿಗಳೂ ತನ್ನ ದನಿಯ ಮೇಲೆ ನಿಂತಿದ್ದವು. ಹಾಡುತ್ತಲೇ ಅವಳಿಗೆ ಅಳು ಬಂತು, ಅಳುತ್ತಲೇ ಹಾಡಿದಳು.

ಹಾಡಿನ ಅರ್ಧ ದಾಟಿದ ಮೇಲೆ ಒಂದು ಜಾಗ ಇತ್ತು. ಅಲ್ಲಿ ಮೇಲಿನ ದನಿ, ಕೆಳಗಿನ ದನಿ ಎರಡೂ ಒಂದೊಂದು ಸ್ವರ ಹಿಡಿದು ಅಲುಗದೆ ನಿಲ್ಲಬೇಕು. ನಡುವಿನದು ಮಾತ್ರ ಹತ್ತಿ, ಮೇಲಿನ ದನಿಯನ್ನೂ ದಾಟಿ ಹೋಗಬೇಕು. “ಇಷ್ಟು ಹೊತ್ತು ಒಳಗೆ ಇದ್ದವಳು ಇಲ್ಲಿ ಹೊರಗೆ ಹೋಗ್ತಾಳೆ” ಎಂದು ಸಿಸ್ಟರ್ ಉಳಿದಿಬ್ಬರಿಗೆ ಹೇಳಿದರು. “ನಿಮ್ಮ ಕೆಲಸ ಬಾಗಿಲು ಹಿಡಿದು ನಿಲ್ಲುವುದು. ಅವಳು ದಾಟುವವರೆಗೆ ಉಸಿರು ಬಿಡಬಾರದು.”

ಕಾಲೇಜಿನ ವಾರ್ಷಿಕೋತ್ಸವಕ್ಕೆ ಹಾಡುವುದೆಂದು ನಿಶ್ಚಯವಾಯಿತು. ಅದಕ್ಕೆ ಒಂದು ವಾರ ಇರುವಾಗ ಅಣ್ಣ ರುಕ್ಮಯ್ಯ ಜೀಪು ತಂದು ಕಾಲೇಜಿನ ಎದುರು ನಿಲ್ಲಿಸಿದ. ಮೆಲ್ಕಾರಿನಲ್ಲಿ ಹೋಟೆಲ್ ಇಟ್ಟ ಹುಡುಗನ ಕಡೆಯವರು ಮರುದಿನ ನೋಡಲು ಬರುವವರಿದ್ದರು. ಒಂದು ವಾರ ಬಿಡಿ ಎಂದು ಸಿಸ್ಟರ್ ಗೇಟಿನ ತನಕ ಬಂದು ಕೇಳಿಕೊಂಡರು.

“ಹಾಡು ಮತ್ತೆಯೂ ಹಾಡಬಹುದು ಸಿಸ್ಟರ್” ಎಂದ ರುಕ್ಮಯ್ಯ. “ಇಂಥ ಸಂಬಂಧ ಮತ್ತೆ ಬರುವುದಿಲ್ಲ.”

* * *

“ಸಾವಿನ ಮನೆಯಲ್ಲಿ ಹಾಡಾ?” ಎಂದರು ಸಂಕಪ್ಪ ಶೆಟ್ಟರು ಗಾಜಿನ ಹಿಂದಿನಿಂದ. “ನಮ್ಮಲ್ಲಿ ಆ ಕ್ರಮ ಇಲ್ಲ ಬಾಯಮ್ಮ.”

“ಐದು ನಿಮಿಷದ ಕೆಲಸ ಶೆಟ್ರೇ” ಎಂದರು ಫ್ಲೇವಿಯಾ.

“ಅಪ್ಪ, ಅಮ್ಮ ಕೇಳಿದ್ದಂತೆ” ಎಂದಳು ನವ್ಯಾ.

ಶೆಟ್ಟರು ಮಗಳನ್ನು ನೋಡಿದರು. ಸಿಟ್ಟಿನ ಮುಖ ಅಲ್ಲ ಅದು, ನಾಚಿಕೆಯ ಮುಖ. “ನಿನಗೆ ಗೊತ್ತುಂಟಲ್ಲ” ಎಂದು ದನಿ ತಗ್ಗಿಸಿದರು. “ಅವಳಿಗೆ ರಾಗ ಇರಲಿಲ್ಲ. ಬದುಕಿದ್ದಾಗ ಜನ ನಕ್ಕದ್ದು ಸಾಕು. ಸತ್ತ ದಿನವೂ ಅವಳ ಹಾಡಿನ ವಿಷಯ ಯಾಕೆ ಎತ್ತುವುದು?”

ಗೊತ್ತಿತ್ತು. ಆ ಮನೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತಿತ್ತು. ಅಮ್ಮ ಮೂಗಿನಲ್ಲಿ ಏನೋ ಒಂದನ್ನು ಗುಂಯ್‌ಗುಟ್ಟುತ್ತಿದ್ದಳು, ಎಂದೂ ಅದೊಂದೇ. ಕಾಯಿ ತುರಿಯುವಾಗ, ಬಟ್ಟೆ ಮಡಚುವಾಗ, ಗಲ್ಲೆಯಲ್ಲಿ ಚಿಲ್ಲರೆ ಕೊಡುವಾಗ. ಅದಕ್ಕೆ ರಾಗವೆಂಬುದೇ ಇರಲಿಲ್ಲ. ಶೋಧನ್ ಮತ್ತು ನವ್ಯಾ ಸಣ್ಣವರಿರುವಾಗ ಅದಕ್ಕೆ ‘ಅಮ್ಮನ ಮಿಕ್ಸಿ’ ಎಂದು ಹೆಸರಿಟ್ಟಿದ್ದರು.

“ಅಮ್ಮ ಒಂದು ಗುಂಯ್‌ಗುಟ್ಟುತ್ತಿದ್ದಳು” ಎಂದು ನವ್ಯಾ ಫ್ಲೇವಿಯಾಳಿಗೆ ಹೇಳಿದಳು. “ಅದು ನಿಮ್ಮ ಹಾಡಾ?”

“ಇಡೀ ಹಾಡು ಅಲ್ಲ ಮಗಳೇ, ಅವಳ ಭಾಗ. ನಡುವಿನದ್ದು.”

ಮೂಕಾಂಬಿಕಾ ಟೀಚರ್ ಗಾಜಿನ ಹತ್ತಿರ ಬಂದು ಮಾತಾಡಿದರು. ಮಕ್ಕಳಿಗೆ ಪಾಠ ಹೇಳುವಂತೆ ನಿಧಾನದ ಮಾತು. “ಶೆಟ್ರೇ, ಜಡೆ ಹೆಣೆಯುವುದು ನೋಡಿದ್ದೀರಲ್ಲ. ಮೂರು ಎಳೆ. ಅದರಿಂದ ನಡುವಿನ ಒಂದೇ ಎಳೆಯನ್ನು ಬೇರೆ ತೆಗೆದು ಹಿಡಿದರೆ ಸೊಟ್ಟ ಕಾಣ್ತದೆ. ಅದು ಸೊಟ್ಟ ಇದ್ದ ಕಾರಣವೇ ಜಡೆ ನಿಲ್ಲುವುದು. ನಮ್ಮ ಮೂವರಲ್ಲಿ ಸ್ವರ ತಪ್ಪದೆ ಹಾಡ್ತಿದ್ದದ್ದು ಕಾಂತಿ ಒಬ್ಬಳೇ.”

ಶೆಟ್ಟರು ಸೋಂಪಿನ ತಟ್ಟೆಯನ್ನು ಒಂದು ಬದಿಯಿಂದ ಎತ್ತಿ ಇನ್ನೊಂದು ಬದಿಗೆ ಇಟ್ಟರು.

“ಕಳೆದ ಭಾನುವಾರವೂ ಇದೇ ಮಾತಾಡಿದಳು” ಎಂದರು ಫ್ಲೇವಿಯಾ, ಅಳು ಒತ್ತಿಕೊಂಡು. “ತಮಾಷೆಗೆ ಅಂತ ಗ್ರಹಿಸಿದೆ. ನಾನು ಸತ್ತ ದಿನ ನೀವಿಬ್ಬರು ಬಂದು ಹಾಡಿ, ಆ ದಿನ ನನಗೆ ಯಾರೂ ಬೆಲ್ ಹೊಡಿಯುವುದಿಲ್ಲ ಅಂತ ನಗಾಡಿದಳು. ಬೆಲ್ ಎಂತದ್ದು ಅಂತ ನನಗೆ ಗೊತ್ತಾಗಲಿಲ್ಲ.”

ಅಲ್ಲಿದ್ದವರಲ್ಲಿ ಅದು ಗೊತ್ತಿದ್ದದ್ದು ಮೂವರಿಗೆ. ಶೋಧನ್ ತಲೆ ತಗ್ಗಿಸಿದ. ನವ್ಯಾ ಅಪ್ಪನ ಕಡೆ ನೋಡಬಾರದೆಂದುಕೊಂಡು ನೋಡಿದಳು.

“ಬೇಡ” ಎಂದರು ಶೆಟ್ಟರು. ಈ ಸಲ ಅದು ಮಾತಿನ ಹಾಗಲ್ಲ, ಮೇಜಿಗೆ ಅಂಗೈ ಬಡಿದ ಹಾಗೆ ಕೇಳಿತು. “ಬೇಡ ಅಂದರೆ ಬೇಡ.”

* * *

ಕಾಂತಿ ಮದುವೆಯಾಗಿ ಬಂದ ಹೊಸದರಲ್ಲಿ ಶೆಟ್ಟರ ತಾಯಿಗೆ ಹೆದರಿಕೆಯಾಯಿತು. ಸೊಸೆ ಒಬ್ಬಳೇ ಇರುವಾಗ ಏನೋ ಮಣಮಣ ಮಾಡುತ್ತಾಳೆ, ಅದು ತುಳುವೂ ಅಲ್ಲ ಕನ್ನಡವೂ ಅಲ್ಲ ಎಂದು ಮಗನಿಗೆ ಹೇಳಿ, ಮಂತ್ರಿಸಿದ ನೂಲು ತರಿಸಿ ಕಾಂತಿಯ ಕೈಗೆ ಕಟ್ಟಿಸಿದಳು. ನೂಲು ಕಟ್ಟಿದ ಮೇಲೆ ಲ್ಯಾಟಿನ್ ಮಾತು ನಿಂತಿತು, ಗುಂಯ್‌ ಉಳಿಯಿತು. ಇದು ಹಾಡು ಎಂದು ಕಾಂತಿ ಗಂಡನಿಗೆ ಹೇಳಿದ್ದಳು. ಎಲ್ಲಿ, ಹಾಡು ನೋಡುವ ಎಂದು ಶೆಟ್ಟರು ಪ್ರೀತಿಯಿಂದಲೇ ಕೇಳಿದ್ದರು. ಅವಳು ಹಾಡಿದಳು. ಕೇಳಿ ಅವರಿಗೆ ಪಾಪ ಕಂಡಿತು. ಉಳಿದಿಬ್ಬರು ಇಲ್ಲದೆ ಅದನ್ನು ಹಾಡೆಂದು ತೋರಿಸಲು ಕಾಂತಿಗೂ ಬರಲಿಲ್ಲ. ಎರಡನೆಯ ಸಲ ಅವಳು ಹೇಳಲೂ ಇಲ್ಲ.

ಗಲ್ಲೆಗೆ ಕೂತ ಮೇಲೆ ತೊಂದರೆ ಶುರುವಾಯಿತು. ಕೆಳದನಿಯಲ್ಲಿ ಆಚೆ ಈಚೆ ಹೋಗುವಷ್ಟು ಹೊತ್ತು ಅದು ಫ್ಯಾನಿನ ಸದ್ದಿನೊಳಗೆ ಮುಚ್ಚಿಹೋಗುತ್ತಿತ್ತು. ಅರ್ಧ ದಾಟಿದ ಮೇಲೆ ಒಮ್ಮೆಲೇ ಮೇಲೇರುವ ಜಾಗ ಬಂತೆಂದರೆ ಒಳಗೆ ಊಟ ಮಾಡುವವರೂ ತಲೆಯೆತ್ತಿ ನೋಡುತ್ತಿದ್ದರು. ಒಂದು ದಿನ ಖಾಯಂ ಗಿರಾಕಿಯೊಬ್ಬರು, “ಶೆಟ್ರೇ, ನಿಮ್ಮ ಮನೆಯವರಿಗೆ ಸಂಗೀತ ಬರುವುದಿಲ್ಲ, ಆದರೆ ಬಿಡುವುದೂ ಇಲ್ಲ” ಎಂದು ಕೈ ತೊಳೆಯುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು. ಹೋಟೆಲಿಗೆ ಹೋಟೆಲೇ ನಕ್ಕಿತು. ಕಾಂತಿಯೂ ನಕ್ಕಳು. ಶೆಟ್ಟರಿಗೆ ಮಾತ್ರ ನಗು ಬರಲಿಲ್ಲ.

ಮರುದಿನದಿಂದ ಆ ಏರುವ ಜಾಗ ಬರುವಾಗ ಎಲ್ಲಿದ್ದರೂ ಬಂದು ಬೆಲ್ಲಿನ ಮೇಲೆ ಅಂಗೈ ಒತ್ತುತ್ತಿದ್ದರು. ಟಿಣ್. ಗಿರಾಕಿಗಳಿಗೆ ಅದು ಸಪ್ಲಾಯರ್‌ನನ್ನು ಕರೆದಂತೆ, ಕಾಂತಿಗೆ ಮಾತ್ರ ನಿಲ್ಲಿಸು ಎಂದಂತೆ. ಗದರಿಸಬೇಕಾಗಿರಲಿಲ್ಲ, ಯಾರ ಎದುರೂ ಅವಮಾನವಾಗುತ್ತಿರಲಿಲ್ಲ. ತಾನು ಹೆಂಡತಿಯ ಮರ್ಯಾದೆ ಉಳಿಸುತ್ತಿದ್ದೇನೆ ಎಂದೇ ಅವರು ನಂಬಿದ್ದರು. ಕಾಂತಿ ನಿಲ್ಲಿಸುತ್ತಿದ್ದಳು. ಗಿರಾಕಿಗೆ ಚಿಲ್ಲರೆ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಮತ್ತೆ ಅದೇ ಜಾಗ. ಟಿಣ್.

ಕೊನೆಕೊನೆಗೆ ಬೆಲ್ಲೂ ಬೇಕಾಗಲಿಲ್ಲ. ಶೆಟ್ಟರು ಸಾಮಾನು ತರಲು ಹೋಗಿದ್ದರೂ, ಮೇಲೆ ಕೋಣೆಯಲ್ಲಿ ಒಬ್ಬಳೇ ಇದ್ದರೂ, ಆ ಜಾಗ ಬಂದಾಗ ಕಾಂತಿ ತಾನಾಗಿಯೇ ನಿಲ್ಲುತ್ತಿದ್ದಳು. ಅಲ್ಲಿಂದ ಮುಂದಿನದ್ದನ್ನು ಮಕ್ಕಳು ಕೇಳಿದ್ದೇ ಇಲ್ಲ.

* * *

ರುಕ್ಮಯ್ಯ ಬಂದಾಗ ಬಿಸಿಲು ಏರಿತ್ತು. ಎಪ್ಪತ್ತು ದಾಟಿದ ಮನುಷ್ಯ, ಧೂಳಿನಲ್ಲಿ ಹುಬ್ಬೂ ಕೆಂಪಾಗಿತ್ತು. ಕಂಕುಳಲ್ಲಿ ಹೊಸ ಸೀರೆಯ ಕಟ್ಟು. ತಂಗಿಯ ಕಾಲಿನ ಬಳಿ ಕುಕ್ಕರಗಾಲಿನಲ್ಲಿ ಕೂತು, ಕಾಲನ್ನು ಮುಟ್ಟಿ, ಅದರ ಮೇಲೆ ಕೂತಿದ್ದ ಧೂಳನ್ನು ಒರೆಸಿದ.

“ಸೀರೆ ಹಾಕುವ ಭಾವ, ತಡ ಆಯ್ತು” ಎಂದರು ಶೆಟ್ಟರು ಗಲ್ಲೆಯಿಂದ.

ರುಕ್ಮಯ್ಯ ಕಟ್ಟು ಬಿಚ್ಚಲು ಹೊರಟವನು ಗೋಡೆಯ ಬಳಿ ನಿಂತಿದ್ದ ಇಬ್ಬರು ಹೆಂಗಸರನ್ನು ಕಂಡ. ಗುರುತು ಸಿಗಲಿಲ್ಲ. ನವ್ಯಾ ಬಂದು, “ಮಾವ, ಇವರು ಅಮ್ಮನ ಜೊತೆ ಕಾಲೇಜಿನಲ್ಲಿ ಹಾಡ್ತಿದ್ದವರು. ಅಮ್ಮ ಕೇಳಿಕೊಂಡದ್ದಕ್ಕೆ ಹಾಡ್ಲಿಕ್ಕೆ ಬಂದಿದ್ದಾರೆ. ಅಪ್ಪ ಬೇಡ ಅಂತಾರೆ” ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. ಆ ಮನೆಯಲ್ಲಿ ಅಪ್ಪ ಬೇಡ ಎಂದದ್ದನ್ನು ಮತ್ತೊಬ್ಬರ ಹತ್ತಿರ ಒಯ್ದವರು ಇರಲಿಲ್ಲ.

ರುಕ್ಮಯ್ಯ ಬಿಚ್ಚಿದ ಕಟ್ಟನ್ನು ಮತ್ತೆ ಮಡಚಿ ಮೊಣಕಾಲಿನ ಮೇಲಿಟ್ಟುಕೊಂಡ. ಅವನ ಮುಖದಲ್ಲಿ ಹಳೆಯದೇನೋ ಬಂದು ಹೋಯಿತು.

“ಭಾವ” ಎಂದ. “ಕೊಟ್ಟ ಮೇಲೆ ನಾವು ಕೇಳಲಿಲ್ಲ. ಹೇಗೆ ಇಟ್ಟಿದ್ದೀರಿ ಅಂತ ಒಂದು ದಿನ ಕೇಳಲಿಲ್ಲ. ಆದರೆ ಈ ಸೀರೆ ಬೀಳುವವರೆಗೆ ಅವಳು ನಮ್ಮ ಮನೆಯ ಹೆಣ್ಣು. ಕ್ರಮ ನಿಮಗೂ ಗೊತ್ತುಂಟು.”

“ಕ್ರಮಕ್ಕೆ ನಾನು ಎದುರು ಮಾತಾಡುವುದಿಲ್ಲ” ಎಂದರು ಶೆಟ್ಟರು.

“ಹಾಡು ಮತ್ತೆಯೂ ಹಾಡಬಹುದು ಅಂತ ಆ ಸಿಸ್ಟರಿಗೆ ಹೇಳಿದ್ದು ನಾನು. ಜೀಪಿನಲ್ಲಿ ಪುತ್ತಿಗೆ ಮುಟ್ಟುವವರೆಗೆ ಇವಳು ಒಂದು ಮಾತಾಡಲಿಲ್ಲ.” ರುಕ್ಮಯ್ಯ ಹೆಂಗಸರ ಕಡೆ ತಿರುಗಿದ. “ಹಾಡಿ. ಹಾಡಿದ ಮೇಲೆ ಸೀರೆ ಹಾಕ್ತೇನೆ.”

ಶೆಟ್ಟರ ಕಡೆಯ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಹಕೀಂ ಹೊರಗೆ ಹೋಗಿ, ನಿಂತಿದ್ದ ಲಾರಿಯೊಂದರ ಇಂಜಿನ್ ಬಂದ್ ಮಾಡಿಸಿ ಬಂದರು. ಫ್ಲೇವಿಯಾ, ಮೂಕಾಂಬಿಕಾ ಟೀಚರ್ ಕಾಂತಿಯ ಎರಡು ಬದಿಗೆ ನಿಂತರು. ಅಲ್ಲಿದ್ದವರೆಲ್ಲ ಕಾದರು.

ಅವರೂ ಕಾದರು.

ಫ್ಲೇವಿಯಾ ಟೀಚರನ್ನು ನೋಡಿದರು, ಟೀಚರ್ ಫ್ಲೇವಿಯಾರನ್ನು. ದಾರಿಯುದ್ದಕ್ಕೂ ರಿಕ್ಷಾದಲ್ಲಿ ತಮ್ಮ ತಮ್ಮದನ್ನು ಮನಸ್ಸಿನೊಳಗೇ ನೆನಪು ಮಾಡಿಕೊಂಡು ಬಂದಿದ್ದರು, ಇಬ್ಬರಿಗೂ ಒಂದು ಸ್ವರವೂ ಮರೆತಿರಲಿಲ್ಲ. ಶುರು ಕಾಂತಿಯದ್ದು ಎಂಬುದು ಈಗ ನೆನಪಾಯಿತು. ಅವಳ ನಾಲ್ಕು ಸ್ವರ ಕಿವಿಗೆ ಬೀಳದೆ ತಾವು ಎಲ್ಲಿ ಹತ್ತಿಕೊಳ್ಳಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಟೀಚರ್ ಅಂದಾಜಿನ ಮೇಲೆ ಎತ್ತಿದರು, ಫ್ಲೇವಿಯಾ ಸೇರಿದರು, ಎರಡು ದನಿ ಒಂದಕ್ಕೊಂದು ಡಿಕ್ಕಿ ಹೊಡೆದು ನಿಂತವು. ಮತ್ತೊಮ್ಮೆ ನೋಡಿದರು, ಮತ್ತೂ ಹಾಗೆಯೇ ಆಯಿತು. ಹಿಂದಿನಿಂದ ಯಾರೋ ಕೆಮ್ಮಿದರು.

“ಶುರು ನಿನಗೆ ಬರ್ತದ ಮಗಳೇ?” ಎಂದು ಫ್ಲೇವಿಯಾ ನವ್ಯಾಳನ್ನು ಕೇಳಿದರು. “ನಾಲ್ಕು ಸ್ವರ ಸಾಕು.”

ನವ್ಯಾಳಿಗೆ ಬರುತ್ತಿತ್ತು. ತೊಟ್ಟಿಲಿನಿಂದ ಕೇಳಿದ್ದು ಬಾರದೆ ಇರುವುದುಂಟೇ. ಆದರೆ ಅವಳು ಅದನ್ನು ಕೇಳಿದ್ದಳೇ ಹೊರತು ಎಂದೂ ದನಿ ತೆಗೆದು ಹಾಡಿದವಳಲ್ಲ. ಬಾಯಿ ತೆರೆದಳು. ಬಂದದ್ದು ಅಳು ಮಾತ್ರ. ಅಮ್ಮನ ಈ ಒಂದು ಕೆಲಸವೂ ತನ್ನಿಂದ ಆಗಲಿಲ್ಲ ಎಂದು ಇನ್ನೂ ಜೋರಾಗಿ ಅತ್ತಳು.

ಆಗ ಗಲ್ಲೆಯ ಕಡೆಯಿಂದ ಅಮ್ಮನ ಗುಂಯ್ ಕೇಳಿತು.

ನವ್ಯಾಳ ಅಳು ನಿಂತಿತು. ಆ ಕಡೆ ತಿರುಗಲು ಅವಳಿಗೆ ಭಯವಾಯಿತು. ದನಿ ಒಡಕು, ಗಂಡಸಿನದ್ದು, ಕೆಳಗಿನ ಸ್ಥಾಯಿಯದ್ದು. ಆದರೆ ತಿರುವು ಅವೇ, ಆಚೆ ಈಚೆ ಅವೇ, ನಾಲ್ಕನೆಯ ಸ್ವರದ ಮೇಲೆ ಕಾಂತಿ ಒಂದಿಷ್ಟು ತಡೆಯುತ್ತಿದ್ದ ಆ ತಡೆಯೂ ಇತ್ತು. ಸಂಕಪ್ಪ ಶೆಟ್ಟರು ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಕಾಂತಿಯ ಕುರ್ಚಿಯ ಬೆನ್ನು ಹಿಡಿದು, ಇನ್ನೊಂದನ್ನು ಮೇಜಿನ ಮೇಲೆ ಊರಿ ಹಾಡುತ್ತಿದ್ದರು. ಮೂವತ್ತೈದು ವರ್ಷ, ಯಾವಾಗ ನಿಲ್ಲಿಸಬೇಕೆಂದು ಕಿವಿಗೊಟ್ಟು ಕಾದವರು ಅವರು. ಅವರಷ್ಟು ಚೆನ್ನಾಗಿ ಅದನ್ನು ಇನ್ಯಾರೂ ಕೇಳಿರಲಿಲ್ಲ.

ಟೀಚರ್ ಕೆಳಗಿನಿಂದ ಹಿಡಿದರು. ಫ್ಲೇವಿಯಾ ಮೇಲಿನಿಂದ ಬಂದರು.

ಇಷ್ಟು ವರ್ಷ ಅಪಸ್ವರ ಎಂದು ಮನೆಯೆಲ್ಲ ನಕ್ಕದ್ದು ಎರಡು ದನಿಗಳ ನಡುವೆ ಹೋಗಿ ತನ್ನ ಜಾಗದಲ್ಲಿ ಕೂತಿತು. ಸೊಟ್ಟಗಿದ್ದದ್ದು ಸೊಟ್ಟಗಿರಲೇ ಇಲ್ಲ. ಶೋಧನ್ ಗೋಡೆಗೆ ಮುಖ ಮಾಡಿದ. ರುಕ್ಮಯ್ಯ ಸೀರೆಯ ಕಟ್ಟನ್ನು ಎದೆಗೆ ಒತ್ತಿಕೊಂಡ. ಅಮ್ಮ ಆ ಗಾಜಿನೊಳಗೆ ಕೂತು ದಿನವೂ ಇದನ್ನು ಕೇಳಿಸಿಕೊಳ್ಳುತ್ತಿದ್ದಳು, ಇಲ್ಲದ ಎರಡು ದನಿಗಳನ್ನೂ ಕೇಳಿಸಿಕೊಳ್ಳುತ್ತಿದ್ದಳು ಎಂದು ನವ್ಯಾಳಿಗೆ ಹೊಳೆಯಿತು. ಅಷ್ಟು ಚೆಂದದ್ದರ ಪಕ್ಕದಲ್ಲೇ ತಾವೆಲ್ಲ ಊಟ ಮಾಡಿ, ಜಗಳ ಮಾಡಿ, ಮಲಗಿ ಎದ್ದಿದ್ದರು.

ಹಾಡು ಅರ್ಧ ದಾಟಿತು. ಮೇಲಿನ ದನಿ ಒಂದು ಸ್ವರಕ್ಕೆ ಬಂದು ನಿಂತಿತು. ಕೆಳಗಿನ ದನಿ ಒಂದು ಸ್ವರಕ್ಕೆ ಬಂದು ನಿಂತಿತು. ಫ್ಲೇವಿಯಾ, ಟೀಚರ್ ಇಬ್ಬರೂ ಶೆಟ್ಟರ ಕಡೆ ನೋಡಿದರು. ಆ ಮುದುಕಿಯರ ಮುಖದಲ್ಲಿ ಕಾಲೇಜಿನ ಹುಡುಗಿಯರ ಆಸೆ ಇತ್ತು.

ಟಿಣ್.

ಅದು ಕೈ ಮಾಡಿದ್ದು, ಶೆಟ್ಟರಲ್ಲ. ಅವರು ಕಣ್ಣು ತೆರೆದಾಗ ಅಂಗೈ ಬೆಲ್ಲಿನ ಮೇಲಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಪ್ಲಾಯರ್ ಅಭ್ಯಾಸದಿಂದ ಒಂದು ಹೆಜ್ಜೆ ಮುಂದೆ ಬಂದು, ನಾಚಿ ಹಿಂದೆ ಸರಿದ. ಮುಂದಿನದ್ದು ಏನು ಎಂದು ನವ್ಯಾ ತನ್ನೊಳಗೆ ಹುಡುಕಿದಳು. ಅಲ್ಲಿ ಏನೂ ಇರಲಿಲ್ಲ. ಮುಂದಿನದ್ದು ಗೊತ್ತಿದ್ದವಳು ಬಾಳೆಎಲೆಯ ಮೇಲೆ ಮಲಗಿದ್ದಳು.

ಬೆಲ್ಲು ಯಾಕೆ ಆಯಿತೆಂದು ತಿಳಿಯದ ಆ ಇಬ್ಬರು ಹೆಂಗಸರು, ಕಲಿಸಿದಂತೆಯೇ, ಉಸಿರು ಬಿಡದೆ ತಮ್ಮ ಸ್ವರ ಹಿಡಿದು ನಿಂತಿದ್ದರು. ಶೆಟ್ಟರು ಎರಡೂ ಕೈಯಿಂದ ಬೆಲ್ಲನ್ನು ಎತ್ತಿ, ಅದರ ಗುಂಯ್ ಅಡಗಲೆಂದು ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ಬಾಯಿ ತೆರೆದು, ಮುಂದಿನ ಸ್ವರಕ್ಕಾಗಿ ಹೆಂಡತಿಯ ಕಡೆ ನೋಡುತ್ತಿದ್ದರು.